ಕಲ್ಲುಮನೆಗೆ ಎತ್ತಿದ ಆರತಿ

"ಗುರುಗಳೇ, ಒಂದು ಮಾತು ಕೇಳಬೇಕು" ಎಂದ ಶಿಷ್ಯ. ಅವನು ತನ್ನೂರಿನ ಗೌಡ. "ನಮ್ಮೂರ ಚಾವಡಿಯನ್ನು ಹೆಂಗಸರು ಹತ್ತುವಂತಿಲ್ಲ. ನ್ಯಾಯ ನಡೆಯುವಾಗ ಕೆಳಗೆ ಬಿಸಿಲಲ್ಲಿ ನಿಂತು ಕೇಳುತ್ತಾರೆ. ಈಗ ನಾವೂ ಮೇಲೆ ಕೂರಬೇಕು ಎಂದು ಹಟ ಹಿಡಿದಿದ್ದಾರೆ. ನನ್ನ ಮಗಳೇ ಮುಂದೆ ನಿಂತಿದ್ದಾಳೆ. ಅವರು ನಿಲ್ಲುವ ಜಾಗಕ್ಕೆ ಒಂದು ಚಪ್ಪರ ಹಾಕಿಸಿಬಿಡೋಣ ಎಂದಿದ್ದೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಪ್ಪೇ?"

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಕೂತುಕೋ ಎಂದು ಕತೆ ಹೇಳಿದರು.

ಕುರಿ ಸಾಕುವವರ ಒಂದು ಸಣ್ಣ ಊರು, ಸುತ್ತಲೂ ಮುಳ್ಳಿನ ಬೇಲಿ. ಅಲ್ಲಿ ಹೆರಿಗೆ ನೋವು ಕಾಣಿಸಿದ ಹೆಣ್ಣು ಬೇಲಿಯೊಳಗೆ ಇರುವಂತಿಲ್ಲ. ಆಚೆಯ ಸೋಗೆ ಗುಡಿಸಲಿಗೆ ಹೋಗಬೇಕು. ಹೆರುವುದೂ ಅಲ್ಲೇ, ಸೂತಕ ಕಳೆಯುವ ತನಕ ಇರುವುದೂ ಅಲ್ಲೇ, ಒಬ್ಬಳೇ. ಅವಳನ್ನು ಮುಟ್ಟಿದವರಿಗೂ ಅದೇ ಮೈಲಿಗೆ, ಅವರೂ ಹೊರಗೇ. ಈಯುವ ಕುರಿಯನ್ನು ಮಾತ್ರ ಮನೆಯೊಳಗೆ ಬೆಚ್ಚಗೆ ಕಟ್ಟುತ್ತಿದ್ದರು. ನೋಡಪ್ಪ, ಎಂಥ ಧರ್ಮ!

ಕಾಟಮ್ಮ ಎಂಬುವಳ ಹಿರಿಮಗಳು ಆ ಗುಡಿಸಲಲ್ಲಿ ಹೆತ್ತಳು. ಜಡಿಮಳೆ ಹಿಡಿದಿತ್ತು, ಸೋಗೆ ಸೋರುತ್ತಿತ್ತು. ಕಾಟಮ್ಮ ಹೊರಗೆ ನೆನೆಯುತ್ತ ನಿಂತು, ಸೋಗೆಯ ಸಂದಿನಲ್ಲಿ ಕೈ ತೂರಿಸಿ ಮಗಳ ಕೈ ಹಿಡಿದುಕೊಂಡಿದ್ದಳು. ಅಷ್ಟನ್ನು ಎಲ್ಲ ತಾಯಂದಿರೂ ಮಾಡುತ್ತಿದ್ದರು, ಊರು ಕಂಡೂ ಕಾಣದ ಹಾಗೆ ಇರುತ್ತಿತ್ತು. ಮಗು ಶೀತಕ್ಕೆ ಸತ್ತಿತು.

ಕಾಟಮ್ಮನಿಗೆ ತಡೆಯಲಾಗಲಿಲ್ಲ. ತಡಿಕೆ ಕಿತ್ತೆಸೆದು ಒಳಗೆ ನುಗ್ಗಿ ಮಗಳನ್ನು ತಬ್ಬಿಕೊಂಡಳು. ಸುದ್ದಿ ತಿಳಿದು ಊರ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರಾಗಿ ಬಾಣಂತಿಯನ್ನು ಮುಟ್ಟಿದರು. "ಈಗ ನಮಗೆಲ್ಲ ಮೈಲಿಗೆ. ಒಳಗೆ ಬರೋ ಹಾಗಿಲ್ಲ, ನೀವೇ ಬೇಯಿಸಿಕೊಳ್ಳಿ" ಎಂದು ಬೇಲಿಯಾಚೆ ಕೂತುಬಿಟ್ಟರು.

ಅಯ್ಯೋ, ಆಮೇಲೆ ಗಂಡಸರ ಪಾಡು! ಮುದ್ದೆ ತೊಳಸಲು ಹೋಗಿ ಗಂಟುಗಂಟಾದ ಹಿಟ್ಟು ತಿಂದರು. ಮೀಸೆ ತಿರುವುತ್ತಿದ್ದ ಊರ ಯಜಮಾನ ಒಲೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಬೇಲಿಯ ಹತ್ತಿರ ಬಂದ.

"ಏನಮ್ಮ ಬೇಕು ನಿಮಗೆ?"

"ನಮ್ಮನೇಲಿ ಹೆರಬೇಕು" ಎಂದಳು ಕಾಟಮ್ಮ.

"ದೇವರು ಒಪ್ಪಬೇಕಲ್ಲವ್ವ. ಮಳೆಗೆ ತಾನೆ ಮಗು ಹೋಗಿದ್ದು? ಒಂದು ಹನಿ ಸೋರದ ಹಾಗೆ ಕಲ್ಲಿನ ಮನೆ ಕಟ್ಟಿಸಿಕೊಡ್ತೀವಿ, ಇಲ್ಲೇ. ಆಮೇಲೆ ಮಾತ್ರ ಬಾಣಂತಿಯನ್ನ ಯಾರೂ ಮುಟ್ಟಬಾರದು. ಆಣೆ ಇಡು."

ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಕಾಟಮ್ಮನಿಗೆ ಅದು ತಿಳಿಯದೆ ಇರಲಿಲ್ಲ. ಆದರೆ ಬೇಲಿಯೊಳಗೆ ಮಕ್ಕಳು ಹಸಿದು ಅಳುತ್ತಿದ್ದವು, ಜೊತೆಯವರು ಸೋತಿದ್ದರು. ಆಣೆ ಇಟ್ಟಳು.

ಮನೆ ಎದ್ದಿತು. ದಪ್ಪ ಗೋಡೆ, ಹೆಂಚಿನ ಸೂರು, ಗಟ್ಟಿ ಬಾಗಿಲು. ಹೆಂಗಸರು ಅದಕ್ಕೆ ಆರತಿ ಎತ್ತಿದರು. ಮೊದಲು ತಟ್ಟೆ ಹಿಡಿದವಳು ಕಾಟಮ್ಮ. ಮೊಮ್ಮಗು ಸತ್ತದ್ದು ದಂಡವಾಗಲಿಲ್ಲ ಎಂದು ಕಣ್ಣೊರೆಸಿಕೊಂಡಳು. ಅವತ್ತು ಅವಳಿಗೆ ನಿಜವಾಗಿ ಹೆಮ್ಮೆಯಾಗಿತ್ತು.

ಮರುವರ್ಷ ಕಿರಿಮಗಳು ನಿಂಗಿಯ ಸರದಿ ಬಂತು. "ಅವ್ವಾ, ಅಲ್ಲಿಗೆ ಕಳಿಸಬೇಡ, ಮನೇಲೇ ಹೆರ್ತೀನಿ" ಎಂದು ತಾಯಿಯ ಸೆರಗು ಹಿಡಿದಳು.

ಕಾಟಮ್ಮ ಸಿಡುಕಿದಳು. "ನಿಮ್ಮಕ್ಕನ ಮಗು ಸತ್ತು ಬಂದ ಮನೆ ಕಣೇ ಅದು. ಇಂಥಾದ್ದು ಸಿಕ್ಕರೂ ಕೊಂಕು ತೆಗೀತೀಯಾ?"

ತಾನೇ ಕರೆದುಕೊಂಡು ಹೋಗಿ ಒಳಗೆ ಬಿಟ್ಟಳು. ನಾಯಿ ನುಗ್ಗೀತೆಂದು ತಾನೇ ಹೊರಗಿನಿಂದ ಅಗುಳಿ ಹಾಕಿದಳು.

ಮಗು ಅಡ್ಡ ತಿರುಗಿತ್ತು. ನಿಂಗಿ ಚೀರಿದಳು. ದಪ್ಪ ಗೋಡೆ ದಾಟುವಷ್ಟರಲ್ಲಿ ಅದು ಬರೀ ನರಳಾಟವಾಗಿತ್ತು. ಎಲ್ಲರ ನೋವಿನ ಹಾಗೆ ಇದೂ ಎಂದುಕೊಂಡಳು ತಾಯಿ. ಮಗಳ ಕೈಯಾದರೂ ಹಿಡಿಯೋಣವೆಂದು ಗೋಡೆ ಸುತ್ತಿದಳು. ಒಂದು ಬೆರಳು ತೂರುವಷ್ಟು ಸಂದೂ ಇರಲಿಲ್ಲ. ಬಾಗಿಲಿಗೆ ಬಂದು ಅಗುಳಿಗೆ ಕೈಯಿಟ್ಟಳು. ಆಣೆ ನೆನಪಾಯಿತು, ಕೈ ತೆಗೆದಳು. ಒಳಗೆ ಸದ್ದು ಪೂರ್ತಿ ನಿಂತ ಮೇಲೆ ಹೆದರಿ ಬಾಗಿಲು ತೆರೆದಳು. ನಿಂಗಿ ಉಳಿದಿರಲಿಲ್ಲ, ಮಗುವೂ ಉಳಿದಿರಲಿಲ್ಲ.

ಕಾಟಮ್ಮ ಮಣ್ಣು ಹಿಡಿದು ಯಜಮಾನನ ಮುಂದೆ ತೂರಿ, ನಿನ್ನ ಮನೆ ಹಾಳಾಗ ಎಂದು ಶಪಿಸಿದಳು. ಅವನು ಬೇಸರದಿಂದಲೇ ಹೇಳಿದ: "ನಾವೇನು ಕಡಿಮೆ ಮಾಡಿದ್ವಮ್ಮ? ಮನೆ ಚೆನ್ನಾಗೇ ಇತ್ತಲ್ಲ. ನೀನೇ ಆರತಿ ಎತ್ತಿದ್ದೆ."

ಆ ಮನೆ ಇನ್ನೂ ಇದೆಯಂತೆ. ನಮಗೆ ಬೇಡ ಎಂದ ಹೆಣ್ಣುಮಕ್ಕಳಿಗೆಲ್ಲ, ಕೇಳಿ ಕಟ್ಟಿಸಿಕೊಂಡವರು ನಿಮ್ಮವ್ವಂದಿರೇ ಎಂದು ಹೇಳುತ್ತಾರಂತೆ.

ಕತೆ ಮುಗಿಯಿತು. ಶಿಷ್ಯ ತಲೆ ಕೆರೆದುಕೊಂಡ. "ಆದರೂ ಗುರುಗಳೇ, ಚಪ್ಪರ ಹಾಕಿಸಿದರೆ ನೆರಳಾದರೂ ಆಗುತ್ತದಲ್ಲ?"

"ಹಾಕಿಸಪ್ಪ" ಎಂದರು ಗುರುಗಳು, "ಆದರೆ ಅದಕ್ಕೆ ಆರತಿ ಎತ್ತುವ ತಟ್ಟೆಯನ್ನು ನಿನ್ನ ಮಗಳ ಕೈಗೆ ಕೊಡಬೇಡ."