ಬಿಸಿಲಿಗೆ ಹಾಕಿದ ಮಂಚ

"ಗುರುಗಳೇ, ಮೂರನೇ ಹಾಸಿಗೆಯ ಫಕೀರವ್ವನ ಕುತ್ತಿಗೆಯ ಗಂಟು ಈಗ ಕೈಗೇ ಸಿಗುತ್ತಿಲ್ಲ. ಮೂವತ್ತಮೂರು ದಿನದ ಕಿರಣ ಚಿಕಿತ್ಸೆಯಲ್ಲಿ ಹತ್ತೊಂಬತ್ತು ಮುಗಿದಿದೆ. ಗಂಟಲು ಹುಣ್ಣಾಗಿ ನೀರೂ ಇಳಿಯುತ್ತಿಲ್ಲ, ಊರಿಗೆ ಹೋಗುತ್ತೇನೆ ಅನ್ನುತ್ತಿದ್ದಾರೆ. ಗಂಟೇ ಇಲ್ಲದ ಮೇಲೆ ಉಳಿದ ಹದಿನಾಲ್ಕು ದಿನ ಯಾಕೆ? ಕೊಡಲೇಬೇಕೆಂದರೆ ಎಲ್ಲ ಒಂದೇ ದಿನ ಕೊಟ್ಟು ಕಳಿಸಬಾರದೇ?" ಎಂದು ಶಿಷ್ಯೆ ಕೇಳಿದಳು.

ಗುರು ಹಣೆ ಚಚ್ಚಿಕೊಂಡರು. "ಅಮ್ಮಾ ತಾಯಿ, ಕ್ಯಾನ್ಸರಿನ ಮೊದಲ ಪಾಠವನ್ನು ನನ್ನಷ್ಟು ಚೆನ್ನಾಗಿ ಹೇಳುವವನು ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಕಿಟಕಿಯ ಪಾರಿವಾಳಗಳಿಗೂ ಬಾಯಿಪಾಠವಾಗಿದೆ. ನಿನ್ನ ತಲೆಗೆ ಮಾತ್ರ ಇಳಿದಿಲ್ಲ. ಕೂತು ಕೇಳು."

ಒಬ್ಬ ವ್ಯಾಪಾರಿ. ಅವನ ಮಂಚಕ್ಕೆ ತಿಗಣೆ ಹತ್ತಿತು. ಅಂತಿಂಥ ತಿಗಣೆಯಲ್ಲ; ಮಲಗಿದವನನ್ನು ಮಂಚದ ಸಮೇತ ಎತ್ತಿ ಜಗಲಿಗೆ ತಂದಿಡುತ್ತಿದ್ದವು. ನಾನೇ ಕಣ್ಣಾರೆ ಕಂಡವನು. ಬಡಗಿ ಬಂದು ನೋಡಿ ಹೇಳಿದ: "ದಿನಕ್ಕೆ ಒಂದು ಗಳಿಗೆ ಬಿಸಿಲಿಗೆ ಹಾಕಿ, ಮತ್ತೆ ನೆರಳಿಗೆ ತನ್ನಿ. ಹೀಗೆ ಒಂದು ತಿಂಗಳು. ಎಲ್ಲ ಬಿಸಿಲನ್ನೂ ಒಂದೇ ದಿನ ಕುಡಿಸಿದರೆ ತಿಗಣೆಗಿಂತ ಮೊದಲು ಮರ ಸೀಳುತ್ತದೆ. ನೆರಳಿನಲ್ಲಿ ಮರ ಸುಧಾರಿಸಿಕೊಳ್ಳುತ್ತದೆ. ತಿಗಣೆ ಅಷ್ಟು ಬೇಗ ಸುಧಾರಿಸಿಕೊಳ್ಳಲಾರದು."

ವ್ಯಾಪಾರಿ ಹಾಗೇ ಮಾಡಿದ. ಹದಿನೈದನೆಯ ದಿನ ಒಂದೂ ಕಚ್ಚಲಿಲ್ಲ. ಕಚ್ಚುವುದೇ ನಿಂತ ಮೇಲೆ ಮಂಚ ಹೊತ್ತು ಸೊಂಟ ಯಾಕೆ ಮುರಿದುಕೊಳ್ಳಲಿ ಎಂದು ಬಿಟ್ಟುಬಿಟ್ಟ. ಮಂಚದ ಕಾಲಿನ ಸಂದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವು ನಾಲ್ಕು ಉಳಿದಿದ್ದವು. ನಾಲ್ಕು ನಲವತ್ತಾದವು, ನಲವತ್ತು ನಾನೂರಾದವು. ಮಂಚದಿಂದ ಗೋಡೆಗೆ, ಗೋಡೆಯಿಂದ ಅಟ್ಟಕ್ಕೆ ಹತ್ತಿದವು.

ವ್ಯಾಪಾರಿ ಬಡಗಿಯ ಬಳಿಗೆ ಓಡಿದ. "ಉಳಿದ ಹದಿನೈದು ದಿನ ಈಗ ಬಿಸಿಲಿಗೆ ಹಾಕುತ್ತೇನಪ್ಪಾ."

ಬಡಗಿ ಉಳಿ ಕೆಳಗಿಟ್ಟ. "ಮಂಚವನ್ನೇನೋ ಅಂಗಳಕ್ಕೆ ತರುತ್ತೀರಿ ಸಾಹುಕಾರರೇ. ಗೋಡೆಯನ್ನು ಹೇಗೆ ತರುತ್ತೀರಿ?"

ವ್ಯಾಪಾರಿ ಆ ಮನೆಯನ್ನೇ ಬಿಟ್ಟು ಬೇರೆ ಮನೆಗೆ ಹೋದ.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯೆ ಇನ್ನೂ ವಾರ್ಡಿನ ಬಾಗಿಲ ಕಡೆ ನೋಡುತ್ತಿದ್ದಳು. "ಆದರೆ ಗುರುಗಳೇ, ಫಕೀರವ್ವನ ಗಂಟಲು ಉರಿಯುತ್ತದಲ್ಲ?"

"ಉರಿಗೆ ಔಷಧಿ ಕೊಡು. ನುಂಗಲಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಗೆಯಲ್ಲಿ ಗಂಜಿ ಇಳಿಸು. ಪಕ್ಕ ಕೂತು ನಾಲ್ಕು ಮಾತಾಡು." ಗುರುವಿನ ಸಿಡುಕು ಇಳಿದಿತ್ತು. "ವ್ಯಾಪಾರಿಗೆ ಹೋಗಲು ಇನ್ನೊಂದು ಮನೆಯಿತ್ತು, ಫಕೀರವ್ವ ಈ ಮೈ ಬಿಟ್ಟು ಯಾವ ಮೈಗೆ ಹೋಗಬೇಕು?"