ಅಮ್ಮ ಕಟ್ಟಿದ ಬೀಜದ ಮುಡಿ

“ತಾನೇನೂ ಮಾಡದೆ, ಬರೀ ಬೇರೆಯವರನ್ನು ಸುಮ್ಮನಿರಿಸುವ ಒಂದು ಪ್ರೋಟೀನ್ ಇಲ್ಲದೇ ಹೋದರೆ ಯಾರಿಗೆ ಏನು ನಷ್ಟ ಮೇಡಂ?” ಎಂದು ನೇತ್ರಾ ಕೇಳಿದಳು.

ಕೇಳಿದ್ದು ಜಲಜಾಕ್ಷಿ ಮೇಡಂ ಅವರನ್ನು. ಹಣ್ಣಿನ ನೊಣಗಳ ನಡುವೆ ಮೂವತ್ತು ವರ್ಷ ಕಳೆದವರು ಅವರು. ಪ್ರಯೋಗಾಲಯದ ಒಲೆಯ ಮೇಲೆ ನೊಣಗಳಿಗೆ ರವೆ ಬೆಲ್ಲದ ಗಂಜಿ ಕಾಯಿಸುತ್ತಿದ್ದರು. ಸಂಶೋಧನೆಗೆ ಬಂದವರು ಎಷ್ಟೇ ಜನ ಇರಲಿ, ಆ ಸೌಟನ್ನು ಮಾತ್ರ ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ನೇತ್ರಾಳ ಪ್ರಶ್ನೆಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ಅಳು ಇತ್ತು. ನಾಲ್ಕು ವರ್ಷ ಅವಳು ಆ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದಳು. ನೊಣದ ಜೀನ್‌ಗಳ ಮೇಲೆ ಕೂತು ಕೆಲವನ್ನು ಏಳಗೊಡದಿರುವುದು, ಅಷ್ಟೇ ಅದರ ಉದ್ಯೋಗ. ತಾಯಿ ನೊಣಗಳಲ್ಲಿ ಆ ಪ್ರೋಟೀನ್ ಮಾಡುವ ಜೀನ್ ಇತ್ತು. ಹೆಣ್ಣುಮಕ್ಕಳಿಗೆ ಅದು ದಾಟದಂತೆ ನೇತ್ರಾ ತಳಿ ಕೂಡಿಸಿದಳು. ಮಕ್ಕಳು ಹುಟ್ಟಿದವು, ಹಾರಿದವು, ಹೊಟ್ಟೆ ತುಂಬ ತಿಂದವು. ‘ಈ ಪ್ರೋಟೀನ್ ಇಲ್ಲದೆಯೂ ನೊಣ ಬದುಕುತ್ತದೆ’ ಎಂದು ಪ್ರಬಂಧದಲ್ಲಿ ಬರೆದೂ ಆಯಿತು. ಸೋಮವಾರ ಒಪ್ಪಿಸಬೇಕಿತ್ತು.

ಈಗ ನೋಡಿದರೆ ಆ ಹೆಣ್ಣುಗಳು ಇಟ್ಟ ಮೊಟ್ಟೆಗಳಲ್ಲಿ ಒಂದೂ ಒಡೆದು ಮರಿಯಾಗುತ್ತಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಜೀನ್‌ಗಳನ್ನು ಹೊತ್ತ ಎಳೆಗಳು, ತುಂಡು ತುಂಡಾಗಿ. ಮಲಗಿರಬೇಕಾದ ಜೀನ್‌ಗಳು ಎದ್ದು, ಜಾಗ ಬಿಟ್ಟು, ಕಂಡಲ್ಲಿ ನುಗ್ಗಿ ಎಳೆಗಳನ್ನು ಕತ್ತರಿಸಿದ್ದವು. ಅಷ್ಟು ಅವಳಿಗೂ ತಿಳಿಯಿತು. ತಿಳಿಯದೇ ಹೋದದ್ದು ಒಂದೇ. ಮಕ್ಕಳಿಗೆ ತಟ್ಟದ ಕೇಡು ಮೊಮ್ಮಕ್ಕಳಿಗೆ ಏಕೆ ತಟ್ಟಬೇಕು?

“ಗಂಜಿ ಕೆಟ್ಟಿರಬಹುದಾ ಮೇಡಂ?” ಎಂದು ಮೆಲ್ಲಗೆ ಸೇರಿಸಿದಳು.

“ನನ್ನ ಗಂಜಿಗೆ ಹೆಸರಿಡಬೇಡ ಮಾರಾಯ್ತಿ,” ಎಂದು ಮೇಡಂ ಒಲೆ ಆರಿಸಿದರು. “ಕೂತುಕೋ. ಒಂದು ಕತೆ ಹೇಳುತ್ತೇನೆ.”

ನೇತ್ರಾಳಿಗೆ ಕತೆ ಬೇಕಿರಲಿಲ್ಲ. ಬೇಕಿದ್ದದ್ದು ಉತ್ತರ. ಆದರೂ ಕೂತಳು.

ಕಡಲ ಕಡೆಯ ಒಂದು ಊರಿನಲ್ಲಿ ಗದ್ದೆ ಬೇಸಾಯ ಮಾಡುವ ಒಬ್ಬ ಹೆಂಗಸಿದ್ದಳು. ಗಂಡ ಇರಲಿಲ್ಲ, ಒಬ್ಬಳು ಮಗಳಿದ್ದಳು. ಪ್ರತಿ ಕೊಯ್ಲಿನ ನಂತರ ಆ ಹೆಂಗಸು ಬಿತ್ತನೆಯ ಭತ್ತವನ್ನು ಬೇರೆ ತೆಗೆದು, ಬಿಸಿಲಿಗೆ ಒಣಗಿಸಿ, ಮುಡಿ ಕಟ್ಟುತ್ತಿದ್ದಳು. ಬೈಹುಲ್ಲು ಹರಡಿ, ನಡುವೆ ಭತ್ತ ಸುರಿದು, ತೇವ ತಾಗದಂತೆ ಹುಲ್ಲಿನ ಹಗ್ಗದಿಂದ ಬಿಗಿದು, ಕೊಡತಿಯಲ್ಲಿ ಬಡಿದು ಬಡಿದು ಉಂಡೆ ಮಾಡುವುದು. ಒಂದು ಮುಡಿಗೆ ಒಂದು ಇಡೀ ಹಗಲು. ಆಮೇಲೆ ಅದು ಒಲೆಯ ಮೇಲಿನ ಅಟ್ಟ ಸೇರಿತೆಂದರೆ ಬಿತ್ತುವ ದಿನದ ತನಕ ಯಾರೂ ಮುಟ್ಟುವಂತಿಲ್ಲ.

ಮಗಳನ್ನು ಹೊಳೆಯಾಚೆಯ ಊರಿಗೆ ಮದುವೆ ಮಾಡಿ ಕೊಟ್ಟರು. ಹೊರಡುವಾಗ ತಾಯಿ ಚಿನ್ನ ಕೊಡಲಿಲ್ಲ, ಇದ್ದರಲ್ಲವೇ ಕೊಡುವುದು. ಒಂದು ಮುಡಿ ಬೀಜ ಕೊಟ್ಟಳು.

ಮಳೆ ಹಿಡಿಯಿತು. ಮಗಳು ಮುಡಿ ಬಿಚ್ಚಿ ಬಿತ್ತಿದಳು. ಒಂದು ಕಾಳೂ ಸುಳ್ಳಾಗಲಿಲ್ಲ. ಅತ್ತೆಮನೆಯವರು ಹೊಗಳಿದ್ದೇ ಹೊಗಳಿದ್ದು. ಮಗಳು ಬೀಜದ ಗುಣ ಎಂದುಕೊಂಡಳು. ಹುಲ್ಲನ್ನು ದನಕ್ಕೆ ಹಾಕಿದಳು.

ಕೊಯ್ಲಾಯಿತು. ಮನೆ ತುಂಬ ಕೆಲಸ. ಬೀಜ ಒಳ್ಳೆಯದಿದ್ದ ಮೇಲೆ ಒಂದು ಹಗಲೆಲ್ಲ ಹುಲ್ಲು ಬಡಿದು ಸಾಯುವುದೇಕೆ ಎಂದು ಮಗಳಿಗೆ ಅನಿಸಿತು. ಬಿತ್ತನೆಯ ಭತ್ತವನ್ನು ಗೋಣಿ ಚೀಲಕ್ಕೆ ತುಂಬಿ ಮೂಲೆಗೆ ನಿಲ್ಲಿಸಿದಳು.

ಮತ್ತೆ ಮಳೆಗಾಲ ಹತ್ತಿರ ಬಂತು. ಗದ್ದೆಗೆ ನೀರು ಬರುವ ಎಷ್ಟೋ ದಿನ ಮೊದಲೇ ಕಡಲಿನ ತೇವದ ಗಾಳಿ ಮನೆಯೊಳಗೆ ಬಂತು. ಒಂದು ಬೆಳಿಗ್ಗೆ ಮಗಳು ಚೀಲಕ್ಕೆ ಕೈ ಹಾಕಿದರೆ ಒಳಗೆ ಬಿಸಿ. ಭತ್ತವೆಲ್ಲ ಮೊಳೆತಿತ್ತು. ಮೊಳಕೆಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಬಿಡಿಸಲು ಹೋದರೆ ಮುರಿಯುತ್ತಿದ್ದವು. ಎದ್ದದ್ದೇನೋ ಎದ್ದವು, ಬೇರೂರಲು ಗದ್ದೆ ಇರಲಿಲ್ಲ. ಎರಡು ದಿನದಲ್ಲಿ ಎಲ್ಲವೂ ಕೊಳೆತವು. ಅತ್ತೆಮನೆಯಲ್ಲಿ ಆ ವರ್ಷಕ್ಕೆ ಬೇರೆ ಬೀಜವಿರಲಿಲ್ಲ.

ಮಗಳು ಅಳುತ್ತಾ ಹೊಳೆ ದಾಟಿ ತವರಿಗೆ ಬಂದಳು.

“ಅಮ್ಮಾ, ನಿನ್ನ ಬೀಜ ಕೈಕೊಟ್ಟಿತು,” ಎಂದಳು. “ಮೊದಲ ವರ್ಷ ಅಷ್ಟು ಚಂದ ಬಂದದ್ದು ಈ ವರ್ಷ ಹೀಗೆ ಮಾಡಿತು.”

“ಮುಡಿ ಕಟ್ಟಿದ್ದೆಯಾ ಮಗಾ?”

“ಹುಲ್ಲಿನಿಂದ ಎಂತ ಆಗ್ತದೆ ಅಮ್ಮಾ? ಬೆಳೆಯುವುದು ಬೀಜ ಅಲ್ವಾ?”

ತಾಯಿ ಬೈಯಲಿಲ್ಲ. ಮಗಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಬೈಹುಲ್ಲು ಗೀರಿದ ಒಂದು ಗುರುತೂ ಅಲ್ಲಿರಲಿಲ್ಲ. ತನ್ನ ಅಂಗೈಯನ್ನು ಅದರ ಪಕ್ಕದಲ್ಲಿಟ್ಟಳು. ಅದರಲ್ಲಿ ಗೀರಿಲ್ಲದ ಜಾಗವೇ ಇರಲಿಲ್ಲ. ಮಗಳು ಆ ಕೈಯನ್ನು ಹುಟ್ಟಿದಂದಿನಿಂದ ಕಂಡಿದ್ದಳು, ಆದರೆ ನೋಡಿದ್ದು ಅವತ್ತೇ.

ಅಟ್ಟದಲ್ಲಿ ತನಗೆಂದು ಉಳಿದಿದ್ದ ಒಂದೇ ಮುಡಿಯನ್ನು ತಾಯಿ ಇಳಿಸಿದಳು. ಬಿಚ್ಚಿ ಎರಡು ಪಾಲು ಮಾಡಿದಳು. ಬಿತ್ತಲು ಇನ್ನೂ ದಿನಗಳಿದ್ದವು. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ಕೈ ಮೇಲೆ ಕೈ ಇಟ್ಟು, ಅವಳ ಪಾಲನ್ನು ಅವಳಿಂದಲೇ ಕಟ್ಟಿಸಿದಳು. ಮೊದಲ ಗೀರು ಬಿದ್ದಾಗ ಮಗಳು “ಹಾ” ಎಂದಳು. ತಾಯಿ ಆ ಬೆರಳನ್ನು ಬಾಯಲ್ಲಿಟ್ಟು ಚೀಪಿ, ಮತ್ತೆ ಹಗ್ಗ ಹಿಡಿಸಿದಳು.

ಜಲಜಾಕ್ಷಿ ಮೇಡಂ ಕತೆ ನಿಲ್ಲಿಸಿ, ಬೆಚ್ಚಗಿನ ಗಂಜಿಯನ್ನು ಶೀಶೆಗಳಿಗೆ ಹೊಯ್ಯತೊಡಗಿದರು.

ನೇತ್ರಾ ನೆಲ ನೋಡುತ್ತಾ ಕೂತಿದ್ದಳು. ಅವಳ ಮನಸ್ಸು ಕರಗಿತ್ತು, ಹಟ ಮಾತ್ರ ಕರಗಿರಲಿಲ್ಲ. ನಾಲ್ಕು ವರ್ಷದ ದುಡಿಮೆಯನ್ನು ಒಂದು ಕತೆಗೆ ಬಿಟ್ಟುಕೊಡುವುದು ಹೇಗೆ?

“ಮಲಗಿಸುವುದೂ ಕೆಲಸವೇ, ಒಪ್ಪಿದೆ ಮೇಡಂ. ಆದರೆ ನಾನು ಬರೆದದ್ದು ಸುಳ್ಳಲ್ಲವಲ್ಲ,” ಎಂದಳು. “ನನ್ನ ಹೆಣ್ಣುನೊಣಗಳು ಆ ಪ್ರೋಟೀನ್ ಇಲ್ಲದೆಯೇ ಹುಟ್ಟಿ ಬದುಕಿದವು. ನಾನೇ ಕಣ್ಣಾರೆ ನೋಡಿದ್ದೇನೆ.”

ಮೇಡಂ ಸೌಟು ಕೆಳಗಿಟ್ಟು ಅವಳ ತಲೆ ಸವರಿದರು.

“ಇಲ್ಲದೆ ಬದುಕಲಿಲ್ಲ ನೇತ್ರಾ, ಅಮ್ಮ ಮೊಟ್ಟೆಯೊಳಗೆ ಇಟ್ಟು ಕಳಿಸಿದ್ದರಿಂದ ಬದುಕಿದವು. ತಮ್ಮ ಮೊಟ್ಟೆಗಳೊಳಗೆ ಇಡಲು ಅವುಗಳ ಹತ್ತಿರ ಏನೂ ಇರಲಿಲ್ಲ.”