ಜಾಂಬವ್ವನ ಗಾಡಿಯಲ್ಲಿ ಮೂರು ಗಾಳಿ ಕಾಣೆ

ಮಂಚದ ಮೇಲೆ ಕುಣಿದಿದ್ದು ಸಾಕು, ಇತ್ತ ಬನ್ನಿ. ಹ್ಞೂಂ ಅಂತಿದ್ರೆ ಕತೆ ಹೇಳ್ತೀನಿ. ಇಲ್ಲಾಂದ್ರೆ ಬಾಯಿ ಮುಚ್ಚಿಕೊಂಡು ಕೂತ್ಕೋತೀನಿ.

ಹ್ಞೂಂ ಅಂದ್ರಾ? ಸರಿ.

ಮಂಜಿನ ಬೆಟ್ಟದಲ್ಲಿ ಒಬ್ಬಳು ಕರಡಿಯಮ್ಮ. ಹೆಸರು ಜಾಂಬವ್ವ. ಅವಳ ಹತ್ರ ಒಂದು ಹಿಮದ ಗಾಡಿ. ಚಕ್ರಾನೇ ಇಲ್ಲದ ಗಾಡಿ! ಮುಂದೆ ಜಾರೋ ಹಲಗೆ, ಹಿಂದೆ ತಿರುಗೋ ಪಟ್ಟಾ. ಹೊಟ್ಟೆಯೊಳಗೆ ಬೆಂಕಿ. ಬೆಂಕಿಗೆ ಗಾಳಿ ಊದೋಕೆ ಒಂದು ಟರ್ಬೊ. ಅಜ್ಜಿ ಒಲೆ ಊದ್ತಾಳಲ್ಲ, ಹಾಗೇ. ಬುಸ್, ಬುಸ್, ಬುಸ್!

ಎಷ್ಟು ಗಾಳಿ ಊದ್ತು ಅಂತ ಹೇಳೋಕೆ ಎರಡು ಮುಳ್ಳು, ಗಡಿಯಾರದ ಮುಳ್ಳಿನ ಹಾಗೆ. ಒಂದು ಗಾಡಿಯ ಹೊಟ್ಟೆ ಹತ್ರ. ಇನ್ನೊಂದು ಜಾಂಬವ್ವನ ಮೂಗಿನ ಮುಂದೆ. ಎರಡೂ ಒಂದೇ ಮಾತು ಹೇಳಬೇಕು. ಮುಳ್ಳು ಹಾಗೆ ಹೇಳದೆ ಯಾರೂ ಬೆಟ್ಟ ಹತ್ತೋ ಹಾಗಿಲ್ಲ. ಅದು ಅಲ್ಲಿಯ ಕಟ್ಟಳೆ. ಗಾಳಿ ಕಡಿಮೆ ಆದ್ರೆ ಗಾಡಿ ಜರ್ರ್ ಅಂತ ಹಿಂದಕ್ಕೆ. ಜಾಸ್ತಿ ಆದ್ರೆ ಹೊಟ್ಟೆ ಢಂ!

ಅವಳಿಗೊಬ್ಬ ಮರಿ, ಹೆಸರು ಗುಮ್ಮಟ. ಒಂದು ದಿನ ಅವನು ಬೆಟ್ಟದ ತುದಿಗೆ, ಸೋದರತ್ತೆ ಮನೆಗೆ ಹೋಗಿದ್ದ. ಹೋಗೋನು ಕೌದಿ ಮರೆತುಬಿಟ್ಟ. ಅವ್ವನ ಹಳೇ ಸೀರೆ ತುಂಡು ಹಾಕಿ ಹೊಲಿದ ಕೌದಿ. ಅದಿಲ್ಲದೆ ಅವನಿಗೆ ನಿದ್ದೆ ಬರಲ್ಲ. ಅಳ್ತಾನೆ, ಹೊರಳ್ತಾನೆ, ಮತ್ತೆ ಅಳ್ತಾನೆ.

ಜಾಂಬವ್ವ ಕೌದಿ ಮಡಚಿ ಗಾಡಿ ಹತ್ತಿದಳು. ಹೊತ್ತು ಮುಳುಗೋದ್ರೊಳಗೆ ಮುಟ್ಟಿಸಬೇಕು. ಗಾಡಿ ಶುರು ಮಾಡಿದಳು. ಬುಸ್!

ಹೊಟ್ಟೆ ಮುಳ್ಳು ಎಂಟು ಅಂತು.
ಮೂಗಿನ ಮುಂದಿನ ಮುಳ್ಳು ಐದು ಅಂತು.

“ಅಯ್ಯೋ! ಮೂರು ಗಾಳಿ ಎಲ್ಲಿ ಹೋಯ್ತು? ಏ ಮುಳ್ಳೇ, ಯಾಕೆ ಏಳಲ್ಲ ನೀನು?”

“ನಂಗೆ ಬಂದಷ್ಟು ಹೇಳ್ತೀನಿ. ಗಾಳಿ ಬರದೆ ನಾನು ಏಳಲ್ಲ. ಕೊಳವೇನ ಕೇಳು, ಹೋಗು.”

ಹೊಟ್ಟೆಯಿಂದ ಮುಳ್ಳಿಗೆ ಗಾಳಿ ತರೋದು ಒಂದು ರಬ್ಬರ್ ಕೊಳವೆ. ಜಾಂಬವ್ವ ಬಗ್ಗಿ ಅದನ್ನ ಕೇಳಿದಳು:
“ಗಾಳಿ ಬರದೆ ಮುಳ್ಳು ಏಳಲ್ಲ,
ಮುಳ್ಳು ಏಳದೆ ಗಾಡಿ ಹತ್ತಲ್ಲ,
ಗಾಡಿ ಹತ್ತದೆ ಕೌದಿ ಹೋಗಲ್ಲ,
ಕೌದಿ ಇಲ್ದೆ ಮರಿ ಮಲಗಲ್ಲ!
ಗಾಳಿ ಕೊಡೋ ಕೊಳವೆ!”

ಕೊಳವೆ ಸುಸ್ಸ್ ಅಂತು. “ನನ್ನ ಕತ್ತು ನೋಡು. ಕ್ಲಿಪ್ಪು ಇತ್ತಲ್ಲ, ಬಳೆ ಥರ, ಅದು ಇಲ್ಲ. ಗಾಳಿಯೆಲ್ಲ ಸೋರಿಹೋಗ್ತಿದೆ. ಸೀಟಿನ ಕೆಳಗಿರೋ ಇಲಿಯಕ್ಕನ್ನ ಕೇಳು.”

ಇಲಿಯಕ್ಕ ಇಣುಕಿದಳು. ಪಕ್ಕದಲ್ಲಿ ಅವಳ ಮಗಳು. ಮಗಳ ಕೈಯಲ್ಲಿ ಕ್ಲಿಪ್ಪು! ಥಳ ಥಳ ಥಳ.

“ಬಳೆ ಇಲ್ದೆ ಗಾಳಿ ಬರಲ್ಲ,
ಗಾಳಿ ಬರದೆ ಮುಳ್ಳು ಏಳಲ್ಲ,
ಮುಳ್ಳು ಏಳದೆ ಗಾಡಿ ಹತ್ತಲ್ಲ,
ಗಾಡಿ ಹತ್ತದೆ ಕೌದಿ ಹೋಗಲ್ಲ,
ಕೌದಿ ಇಲ್ದೆ ಮರಿ ಮಲಗಲ್ಲ!
ಬಳೆ ಕೊಡೇ ಇಲಿಯಕ್ಕ!”

“ಇದು ನಿಂದಾ? ಬಿದ್ದಿರೋ ಬಳೆ ಅಂದ್ಕೊಂಡೆ ಕಣಕ್ಕ. ನಾಳೆ ಇವಳ ಮದುವೆ. ಮದುಮಗಳ ಕೈ ಬರಿದಾಗಿ ಇರಬಾರದು. ಆ ಕೌದಿಯಿಂದ ಒಂದು ಎಳೆ ಕೀಳಲಾ?”

“ಕಿತ್ತೀಯಾ ಜೋಕೆ!”

“ಹಾಗಾದ್ರೆ ಕಂಕಣ ಕಟ್ಟೋಕೆ ಉಣ್ಣೆ ತಾ.”

ಜಾಂಬವ್ವ ಓಡಿದಳು, ಟಗರಣ್ಣನ ಹತ್ರ.

“ಉಣ್ಣೆ ಇಲ್ದೆ ಬಳೆ ಸಿಗಲ್ಲ,
ಬಳೆ ಇಲ್ದೆ ಗಾಳಿ ಬರಲ್ಲ,
ಗಾಳಿ ಬರದೆ ಮುಳ್ಳು ಏಳಲ್ಲ,
ಮುಳ್ಳು ಏಳದೆ ಗಾಡಿ ಹತ್ತಲ್ಲ,
ಗಾಡಿ ಹತ್ತದೆ ಕೌದಿ ಹೋಗಲ್ಲ,
ಕೌದಿ ಇಲ್ದೆ ಮರಿ ಮಲಗಲ್ಲ!
ಉಣ್ಣೆ ಕೊಡೋ ಟಗರಣ್ಣ!”

“ಥೂ, ಬಾಯೆಲ್ಲ ಸಪ್ಪೆ ಸಪ್ಪೆ. ಉಪ್ಪು ನೆಕ್ಕಿಸು. ಆಮೇಲೆ ಉಣ್ಣೆ.”

ಜಾಂಬವ್ವ ಓಡಿದಳು, ಅಂಗಡಿ ಕಾಗೆ ಮಾವನ ಹತ್ರ.

“ಉಪ್ಪು ಇಲ್ದೆ ಉಣ್ಣೆ ಸಿಗಲ್ಲ,
ಉಣ್ಣೆ ಇಲ್ದೆ ಬಳೆ ಸಿಗಲ್ಲ,
ಬಳೆ ಇಲ್ದೆ ಗಾಳಿ ಬರಲ್ಲ,
ಗಾಳಿ ಬರದೆ ಮುಳ್ಳು ಏಳಲ್ಲ,
ಮುಳ್ಳು ಏಳದೆ ಗಾಡಿ ಹತ್ತಲ್ಲ,
ಗಾಡಿ ಹತ್ತದೆ ಕೌದಿ ಹೋಗಲ್ಲ,
ಕೌದಿ ಇಲ್ದೆ ಮರಿ ಮಲಗಲ್ಲ!
ಉಪ್ಪು ಕೊಡೋ ಕಾಗೆ ಮಾವ!”

“ಕಾ ಕಾ! ಚಳಿಗೆ ಡಬ್ಬಿ ಮುಚ್ಚಳ ಕಚ್ಚಿಕೊಂಡಿದೆ. ನನ್ನ ಕಾಲೂ ಸೆಟೆದಿದೆ. ಕೆಂಡ ತಾ, ಕಾಯಿಸಿ ತೆಗೀತೀನಿ.”

ಹೊತ್ತು ಬೆಟ್ಟದ ತಲೆ ಮುಟ್ಟಿತು. ಜಾಂಬವ್ವ ಏದುಸಿರು ಬಿಡ್ತಾ ಓಡಿದಳು, ಮೇಕೆ ಅಜ್ಜಿಯ ಹತ್ರ.

“ಕೆಂಡ ಇಲ್ದೆ ಉಪ್ಪು ಸಿಗಲ್ಲ,
ಉಪ್ಪು ಇಲ್ದೆ ಉಣ್ಣೆ ಸಿಗಲ್ಲ,
ಉಣ್ಣೆ ಇಲ್ದೆ ಬಳೆ ಸಿಗಲ್ಲ,
ಬಳೆ ಇಲ್ದೆ ಗಾಳಿ ಬರಲ್ಲ,
ಗಾಳಿ ಬರದೆ ಮುಳ್ಳು ಏಳಲ್ಲ,
ಮುಳ್ಳು ಏಳದೆ ಗಾಡಿ ಹತ್ತಲ್ಲ,
ಗಾಡಿ ಹತ್ತದೆ ಕೌದಿ ಹೋಗಲ್ಲ,
ಕೌದಿ ಇಲ್ದೆ ಮರಿ ಮಲಗಲ್ಲ!
ಕೆಂಡ ಕೊಡಜ್ಜಿ, ಕೆಂಡ ಕೊಡು!”

“ಕೆಂಡ ಎಲ್ಲಿಂದ ತರಲಿ ಮಗಳೇ? ಬೂದಿಯೊಳಗೆ ಒಂದು ಕಿಡಿ ಇದೆ, ಅಷ್ಟೇ. ಊದೋಣ ಅಂದ್ರೆ ನಂಗೆ ಉಸಿರಿಲ್ಲ.”

ಜಾಂಬವ್ವನಿಗೆ ಅಳುವೇ ಬಂತು. ಪಾಪ, ಗುಮ್ಮಟ ಬಾಗಿಲಲ್ಲೇ ಕೂತಿರ್ತಾನೆ. ಅವಳು ತಟ್ಟನೆ ತಲೆ ಎತ್ತಿದಳು.

“ಉಸಿರಾ? ಅಯ್ಯೋ ನನ್ನಜ್ಜಿ! ಉಸಿರು ನನ್ನ ಹತ್ರಾನೇ ಇದೆ!”

ಊದುಗೊಳವೆ ಎತ್ತಿಕೊಂಡಳು. ಕೆನ್ನೆ ಉಬ್ಬಿಸಿದಳು.
ಬುಸ್! ಒಂದು ಗಾಳಿ.
ಬುಸ್! ಎರಡು ಗಾಳಿ.
ಬುಸ್! ಮೂರು ಗಾಳಿ.
ಒಲೆ ಭಗ್ ಅಂತ ಹತ್ತಿಕೊಂಡಿತು!

ಅಜ್ಜಿ ಕೆಂಡ ಕೊಟ್ಟಳು, ಕೆಂಡ ಕಾಗೆಗೆ.
ಕಾಗೆ ಉಪ್ಪು ಕೊಟ್ಟ, ಉಪ್ಪು ಟಗರಿಗೆ.
ಟಗರು ಉಣ್ಣೆ ಕೊಟ್ಟ, ಉಣ್ಣೆ ಇಲಿಗೆ.
ಇಲಿ ಬಳೆ ಕೊಟ್ಟಳು, ಬಳೆ ಕೊಳವೆಗೆ.
ಬಳೆ ಬಿಗಿಯಾಯ್ತು, ಸುಸ್ಸ್ ನಿಂತೇಹೋಯ್ತು!

ಹೊಟ್ಟೆ ಮುಳ್ಳು ಎಂಟು ಅಂತು.
ಮೂಗಿನ ಮುಂದಿನ ಮುಳ್ಳು ಆರು ಅಂತು, ಏಳು ಅಂತು, ಎಂಟು ಅಂತು!

“ಹಾಂ! ಬಂದ್ರಾ ಮೂರೂ ಜನ?” ಅಂದಳು ಜಾಂಬವ್ವ.

ಗಾಡಿ ಬೆಟ್ಟ ಹತ್ತಿತು. ಬುಸ್ ಬುಸ್ ಬುಸ್! ಹೊತ್ತು ಮುಳುಗೋಕೂ ಇವಳು ಬಾಗಿಲು ತಟ್ಟೋಕೂ ಸರಿಹೋಯ್ತು. ಗುಮ್ಮಟ ಓಡಿಬಂದ. ಮೂಗು ಕೆಂಪು ಕೆಂಪು. ಕೌದಿಯೊಳಗೆ ಹೊಕ್ಕ.

“ಯಾಕವ್ವ ಇಷ್ಟು ಹೊತ್ತು?”

“ಹೇಳ್ತೀನಿ ಕೇಳು ಮರಿ. ಉಸಿರು ಇಲ್ದೆ ಕೆಂಡ ಸಿಗಲ್ಲ, ಕೆಂಡ ಇಲ್ದೆ ಉಪ್ಪು ಸಿಗಲ್ಲ, ಉಪ್ಪು ಇಲ್ದೆ...”

ಗೊರ್ರ್... ಬುಸ್. ಗೊರ್ರ್... ಬುಸ್.

ಮರಿ ಮಲಗಿಬಿಟ್ಟಿತ್ತು. ಜಾಂಬವ್ವ ಅವನ ಹೊಟ್ಟೆ ಮೇಲೆ ಕೈ ಇಟ್ಟಳು. ಇನ್ನೊಂದು ಕೈ ತನ್ನ ಹೊಟ್ಟೆ ಮೇಲೆ. ಎರಡೂ ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು.

ಏನು, ನೀವೂ ಹ್ಞೂಂ ಅನ್ನೋದು ನಿಲ್ಲಿಸಿದ್ರಾ? ಸರಿ, ಕೌದಿ ಎಳ್ಕೊಳ್ಳಿ.